ಮಾತಾಡದೆ ಕಿತ್ತ ಎಲೆ

“ಗುರುಗಳೇ, ಒಳ್ಳೆಯದಕ್ಕಾಗಿ ಒಂದು ಸುಳ್ಳು ಸೇರಿಸಿದರೆ ತಪ್ಪೇ?”

ಕೇಳಿದವನು ಚನ್ನವೀರ. ಮಠದಲ್ಲಿದ್ದುಕೊಂಡು ಮನೆಮದ್ದು ಕಲಿಯುತ್ತಿದ್ದ ಶಿಷ್ಯ. ಆಗಷ್ಟೇ ಹಳ್ಳಿಗಳನ್ನು ಸುತ್ತಿ ಬಂದಿದ್ದ, ಮುಖ ಬಾಡಿತ್ತು. ಬಾಯಿಹುಣ್ಣಾದವರಿಗೆ ಸೀಬೆಯ ಚಿಗುರೆಲೆ ಅಗಿಯಿರಿ ಎಂದರೆ ನಗುತ್ತಾರೆ, ಒಸಡು ಊದಿದವರಿಗೆ ಅದೇ ಎಲೆ ಕುದಿಸಿ ಬಾಯಿ ಮುಕ್ಕಳಿಸಿ ಎಂದರೆ ಎದ್ದು ಹೋಗುತ್ತಾರೆ ಎಂದು ಹೇಳಿಕೊಂಡ. ಸೋಮವಾರ ಗುರುಗಳ ಹೆಸರು ಹೇಳಿ ಕಿತ್ತರೆ ಮಾತ್ರ ಆ ಎಲೆ ಕೆಲಸ ಮಾಡುತ್ತದೆ ಎಂದುಬಿಟ್ಟರೆ ಎಲ್ಲರೂ ಕೇಳುತ್ತಾರೆ, ಮುಂದಿನ ಸಲ ಹಾಗೆ ಹೇಳಲೇ ಎಂದು ಅಪ್ಪಣೆ ಬೇಡಿದ.

ಗುರುಗಳು ಒಣಹಾಕಿದ ಎಲೆಗಳನ್ನು ಮಗುಚುತ್ತಿದ್ದರು. ಕೈ ನಿಲ್ಲಿಸದೆಯೇ, “ಕೂತುಕೋ” ಎಂದರು. ಚನ್ನವೀರ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಗಿಡಮೂಲಿಕೆ ಬಲ್ಲವನು. ಕೆರೆಯ ಏರಿಯ ಆಚೆ ತುದಿಯಲ್ಲಿ ಅವನೇ ಒಂದು ಸೀಬೆ ಗಿಡ ನೆಟ್ಟು ಬೆಳೆಸಿದ್ದ. ಹಣ್ಣು ಯಾರು ಬೇಕಾದರೂ ತಿನ್ನಲಿ, ಎಲೆ ಎಲ್ಲರಿಗೂ ಮದ್ದಾಗಲಿ ಎಂಬುದು ಅವನ ಆಸೆ. ಹೊಟ್ಟೆ ಕೆಟ್ಟು ಬಂದವರಿಗೆ ಅವನು ಹೇಳುತ್ತಿದ್ದುದು ಇಷ್ಟೇ: ಏಳು ಚಿಗುರು ಕಿತ್ತು ತನ್ನಿ, ತೊಳೆದು ಎರಡು ಲೋಟ ನೀರಿನಲ್ಲಿ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಆರಿಸಿ ಕುಡಿಸಿ.

ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. “ಸೀಬೆ ಎಲೆನಾ ಪಂಡಿತ್ರೇ, ಅದನ್ನ ನಮ್ಮನೆ ಆಡೂ ತಿನ್ನುತ್ತೆ” ಎಂದ ಒಬ್ಬ ರೈತ. ಕಿತ್ತವರೂ ಚಿಗುರು ಬಿಟ್ಟು ಬಲಿತ ಎಲೆ ಕಿತ್ತರು, ಕೊಂಬೆ ಮುರಿದರು, ಅರ್ಧ ಕುದಿಸಿ ಕುಡಿಸಿದರು, ಗುಣವಾಗದಿದ್ದಾಗ ಪಂಡಿತನನ್ನು ಬೈದರು. ದಾರಿಯಲ್ಲಿ ಎದುರಾದವರೆಲ್ಲ ಒಂದೊಂದು ಮದ್ದು ಹೇಳುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ಪಂಡಿತ ಹೇಳಿದ್ದು ಮರೆತೇ ಹೋಗಿರುತ್ತಿತ್ತು. ತನ್ನ ವಿದ್ಯೆಯನ್ನು ಆಡಿನ ಮೇವಿಗೆ ಸಮ ಮಾಡಿದರಲ್ಲ ಎಂಬ ನೋವು ಪಂಡಿತನಿಗೆ. ಆ ನೋವಿನಲ್ಲಿ ಒಂದಿಷ್ಟು ಅಭಿಮಾನವೂ ಇತ್ತು, ಇಲ್ಲವೆನ್ನಲಾಗದು.

ಒಂದು ದಿನ ರೈತನೊಬ್ಬನ ಹೆಂಡತಿ ಮಗುವಿಗೆ ಭೇದಿ ಎಂದು ಬಂದಳು. ಪಂಡಿತ ಎಂದಿನಂತೆ ಎಲೆ ಹೇಳಿದ. ಅವಳು ಮೂತಿ ತಿರುಗಿಸಿದಳು. ಅವನ ಸಹನೆಯ ಕಟ್ಟೆಯೊಡೆಯಿತು. ತಾನೇನು ಹೇಳುತ್ತಿದ್ದೇನೆಂದು ಯೋಚಿಸುವ ಮೊದಲೇ ಮಾತು ಹೊರಬಿತ್ತು. “ಇದು ಸುಮ್ಮನೆ ಕೀಳೋ ಎಲೆಯಲ್ಲ ತಾಯಿ. ಬೆಳಗಿನ ಜಾವ ಸ್ನಾನ ಮಾಡಿ ಚೊಂಬಿನಲ್ಲಿ ನೀರು ತೊಗೊಂಡು ಹೋಗಬೇಕು. ಗಿಡದ ಬುಡಕ್ಕೆ ಎರೆದು ಏಳೇ ಏಳು ಚಿಗುರು ಕೀಳಬೇಕು. ಹೊಸ್ತಿಲು ದಾಟಿದಾಗಿನಿಂದ ತಿರುಗಿ ಬಂದು ಪಾತ್ರೆ ಒಲೆಗಿಡೋವರೆಗೂ ಯಾರ ಹತ್ತಿರವೂ ಒಂದು ಮಾತಾಡಕೂಡದು. ಆಡಿದರೆ ಎಲೆಯ ಗುಣ ಹೋಯಿತು.”

ಆ ಹೆಂಗಸಿನ ಮುಖ ಬದಲಾಯಿತು. ಅವಳು ಕೈ ಮುಗಿದು ಹೋದಳು. ಮರುದಿನ ಹೇಳಿದಂತೆಯೇ ಮಾಡಿದಳು, ಎರಡು ದಿನದಲ್ಲಿ ಮಗು ಎದ್ದು ಆಡಿತು. ಅವಳು ಹತ್ತು ಜನರಿಗೆ ಹೇಳಿದಳು. ಆ ಹತ್ತು ಜನ ಊರಿಗೇ ಹೇಳಿದರು.

ಅಂದಿನಿಂದ ಊರಿನ ರೀತಿಯೇ ಬೇರೆಯಾಯಿತು. ಯಾರೂ ಕೊಂಬೆ ಮುರಿಯಲಿಲ್ಲ. ದಿನವೂ ಬುಡಕ್ಕೆ ನೀರು ಬಿದ್ದು ಗಿಡ ಮರವಾಯಿತು. ಮಾತಿಲ್ಲದೆ ಹೋಗಿ ಬಂದವರು ಚಿಗುರನ್ನು ನೋಡಿ ಕಿತ್ತರು, ನೀರನ್ನು ಅಳೆದು ಇಟ್ಟರು, ಇಳಿಯುವ ತನಕ ಒಲೆ ಮುಂದೆಯೇ ಕೂತರು. ಎಷ್ಟೋ ಮಕ್ಕಳು ಗುಣವಾದವು, ಎಷ್ಟೋ ಮುದುಕರು ಎದ್ದು ಓಡಾಡಿದರು. ಇದೂ ನಿಜ, ಇದನ್ನು ಮುಚ್ಚಿಡಬಾರದು. ಪಂಡಿತ ಹಿಗ್ಗಿದ. ಮದ್ದಿಗಿಂತ ನಿಯಮವೇ ಹೆಚ್ಚು ಗುಣ ಮಾಡಿತು ಎಂದು ಒಳಗೊಳಗೇ ಬೀಗಿದ.

ಅವನ ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ, “ಮಾತಾಡಬಾರದು ಅಂತ ಯಾವ ಗ್ರಂಥದಲ್ಲಿದೆ?” ಎಂದು ಕೇಳಿದಳು.

“ಯಾವ ಗ್ರಂಥದಲ್ಲೂ ಇಲ್ಲ. ಬಾಯಿ ಬಿಟ್ಟುಕೊಂಡು ಹೋದರೆ ದಾರಿಯಲ್ಲಿ ಹತ್ತು ಜನ ಹತ್ತು ಮದ್ದು ಹೇಳ್ತಾರೆ. ಮುಚ್ಚಿಕೊಂಡು ಹೋದರೆ ನಾನು ಹೇಳಿದ್ದೊಂದೇ ತಲೆಯಲ್ಲಿರುತ್ತೆ.”

“ಅವರಿಗೇ ಏನಾದರೂ ಕೇಳಬೇಕು ಅನ್ನಿಸಿದರೆ?”

“ಕೇಳೋದೇನಿದೆ, ಎಲ್ಲಾ ಹೇಳಿದ್ದೇನಲ್ಲ” ಎಂದು ಪಂಡಿತ ಮಜ್ಜಿಗೆಗೆ ಕೈಯೊಡ್ಡಿದ.

ಆ ಊರಿನಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ಅವನಿಗೂ ಅವನ ಹೆಂಡತಿಗೂ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಂದೇ ಮಗು. ಮೂರು ವರ್ಷದ್ದು. ಅದಕ್ಕೆ ಹೊಟ್ಟೆ ಕೆಟ್ಟಿತು. ತಾಯಿ ನಿಯಮದಂತೆ ಎಲೆ ತಂದು ಕಷಾಯ ಕುಡಿಸಿದಳು. ಒಂದು ದಿನ ನಿಂತಂತೆ ಕಂಡದ್ದು ಮರುದಿನ ಮತ್ತೆ ಶುರುವಾಯಿತು, ಜೊತೆಗೆ ವಾಂತಿ. ಸಂಜೆ ಅವಳು ಪಂಡಿತನ ಮನೆಗೆ ಓಡಿದಳು. ಪಂಡಿತ ಪಕ್ಕದ ಊರಿಗೆ ಯಾರನ್ನೋ ನೋಡಲು ಹೋಗಿದ್ದ, ಬೆಳಿಗ್ಗೆ ಬರುವವನಿದ್ದ. ಗಂಡನೂ ಬುಟ್ಟಿ ಹೊತ್ತು ಸಂತೆಗೆ ಹೋಗಿದ್ದ. ಬೆಳಗಾಗುವ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ನಾಲಿಗೆ ಒಣಗಿತ್ತು. ಅಳುತ್ತಿತ್ತು, ಆದರೆ ಕಣ್ಣೀರು ಬರುತ್ತಿರಲಿಲ್ಲ. ತಾಯಿಗೆ ಗೊತ್ತಿದ್ದುದು ಆ ಎಲೆಯೊಂದೇ. ಮಗುವನ್ನು ಅತ್ತೆಯ ಮಡಿಲಲ್ಲಿಟ್ಟು, ತಲೆಗೆ ನೀರು ಸುರಿದುಕೊಂಡು, ಚೊಂಬು ಹಿಡಿದು ಹೊಸ್ತಿಲು ದಾಟಿದಳು.

ಪಂಡಿತ ಅದೇ ಹೊತ್ತಿಗೆ ಏರಿಯ ಮೇಲೆ ನಡೆದು ಬರುತ್ತಿದ್ದ. ಪಕ್ಕದೂರಿನ ರೋಗಿ ಚೇತರಿಸಿಕೊಂಡಿದ್ದ. ಮನಸ್ಸು ಹಗುರವಾಗಿತ್ತು. ಎದುರಿನಿಂದ ಒದ್ದೆ ಕೂದಲಿನ ಹೆಂಗಸೊಬ್ಬಳು ಬರುವುದನ್ನು ಕಂಡ. ಅವಳು ಅವನನ್ನು ಕಂಡದ್ದೇ ತಡ, ಓಡಿ ಬಂದಳು. ಅವನ ಮುಂದೆ ನಿಂತಳು. ಕಣ್ಣು ತುಂಬಿತ್ತು. ಕೈ ಊರಿನ ಕಡೆ ತೋರಿಸಿತು. ತುಟಿ ಅದುರಿತು, ಇನ್ನೇನು ತೆರೆಯಿತು ಎನ್ನುವಾಗ ಪಂಡಿತ ನಗುತ್ತಾ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಅವಳು ಬಾಯಿ ಮುಚ್ಚಿದಳು. ಒಂದು ಗಳಿಗೆ ಅವನನ್ನೇ ನೋಡಿದಳು. ಪಂಡಿತ ದಾರಿ ಬಿಟ್ಟು ಪಕ್ಕಕ್ಕೆ ಸರಿದು ಕೈಯೆತ್ತಿ ಹರಸಿದ. ಇಷ್ಟು ಸಂಕಟದಲ್ಲೂ ಹೇಗೆ ನಿಯಮ ಹಿಡಿದಿದ್ದಾಳೆ ಎಂದು ಅವನಿಗೆ ಹೆಮ್ಮೆಯಾಯಿತು. ಅವಳು ತಲೆ ಬಾಗಿಸಿ ಮರದ ಕಡೆ ಓಡಿದಳು.

ಪಂಡಿತ ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಂಡ. “ನಿಯಮ ಅಂದರೆ ಏನು ಅಂತ ಇವತ್ತು ನೋಡಿದೆ ಕಣೇ. ಬುಟ್ಟಿ ಹೆಣೆಯುವವನ ಹೆಂಡತಿ, ಎದುರಿಗೆ ಸಿಕ್ಕರೂ ತುಟಿ ಎರಡು ಮಾಡಲಿಲ್ಲ.”

ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ನಿನ್ನೆ ಸಂಜೆ ಅವಳು ನಿಮ್ಮನ್ನ ಹುಡುಕಿಕೊಂಡು ಬಂದಿದ್ದಳು. ಮಗುವಿಗೆ ವಾಂತಿಯೂ ಶುರುವಾಗಿದೆಯಂತೆ, ನೀರೂ ನಿಲ್ಲುತ್ತಿಲ್ಲವಂತೆ.”

ಪಂಡಿತ ಒದ್ದೆ ಕಾಲಿನಲ್ಲೇ ಓಡಿದ. ಓಡುತ್ತಲೇ ಅವನಿಗೆ ಎಲ್ಲ ತಿಳಿಯಿತು. ಆ ಸ್ಥಿತಿಗೆ ಸೀಬೆ ಎಲೆ ಸಾಲದು. ಉಪ್ಪು ಬೆರೆಸಿದ ಗಂಜಿಯ ತಿಳಿಯನ್ನು ಚಮಚ ಚಮಚವಾಗಿ ಬಿಡದೆ ಕುಡಿಸಬೇಕಿತ್ತು, ಕುಡಿಸುತ್ತಲೇ ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಒಯ್ಯಬೇಕಿತ್ತು. ಹಾಗೆ ಉಳಿದ ಮಕ್ಕಳನ್ನು ಅವನು ಕಂಡಿದ್ದ. ಏರಿಯ ಮೇಲೆ ಅವಳ ಒಂದು ಮಾತು ಕೇಳಿದ್ದರೆ ಅಲ್ಲಿಂದಲೇ ಅವಳ ಜೊತೆ ಮಗುವಿನ ಬಳಿಗೆ ಓಡಬಹುದಿತ್ತು.

ಅವನು ಬಾಗಿಲಿಗೆ ಬಂದಾಗ ಅವಳೂ ಮರದಿಂದ ಆಗಷ್ಟೇ ಬಂದಿದ್ದಳು. ಒಳಗೆ ಏನಾಗಿದೆ ಎಂದು ನೋಡಲೂ ನಿಲ್ಲದೆ ಪಾತ್ರೆಗೆ ಎಲೆ ಹಾಕಿ ಒಲೆಗಿಟ್ಟಳು. ಆಮೇಲೆ ತಿರುಗಿದಳು. ಅತ್ತೆಯ ಮಡಿಲಲ್ಲಿ ಮಗು ತಣ್ಣಗಾಗಿತ್ತು. ಈಗ ಅವಳು ಮಾತಾಡಬಹುದಿತ್ತು. ಅವಳ ಬಾಯಿಂದ ಬಂದದ್ದು ಮಾತಲ್ಲ. ಆ ಕೂಗು ಕೇಳಿ ಇಡೀ ಕೇರಿ ಓಡಿ ಬಂತು. ಪಂಡಿತ ಬಾಗಿಲ ಬಳಿಯೇ ನಿಂತಿದ್ದ.

ದಿನಗಳು ಕಳೆದವು. ಒಂದು ಮಧ್ಯಾಹ್ನ ಅವಳೇ ಪಂಡಿತನ ಮನೆಗೆ ಬಂದಳು. ಜಗುಲಿಯ ಕೆಳಗೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಏರಿಯ ಮೇಲಿನ ಆ ಬೆರಳಿನ ಮಾತು ಎತ್ತುತ್ತಾಳೆ ಎಂದು ಪಂಡಿತ ಹೆದರಿ ಕೂತಿದ್ದ. ಅವಳ ಮನಸ್ಸಿನಲ್ಲಿದ್ದುದು ಅದಾಗಿರಲಿಲ್ಲ.

“ಪಂಡಿತ್ರೇ, ತಪ್ಪು ನಂದೇ. ಅವತ್ತು ನೀವು ನೆಪ್ಪು ಮಾಡಿದ್ರೂ ನಾನು ಕೆಡಿಸ್ಕೊಂಡೆ. ಮರದಿಂದ ಬರೋವಾಗ ಕಾಲಿಗೆ ಕಲ್ಲು ತಾಗ್ತು. ‘ಅಯ್ಯೋ’ ಅಂದ್ಬಿಟ್ಟೆ. ಅದಕ್ಕೇ ಎಲೆ ಗುಣ ಹೋಗಿದ್ದು, ಅಲ್ವಾ?”

ನಿಜ ಹೇಳುವ ಹೊತ್ತು ಅದೇ ಆಗಿತ್ತು. ನಿಯಮವೇ ಸುಳ್ಳು ತಾಯಿ, ನಾನೇ ಕಟ್ಟಿದ್ದು ಎಂಬ ಮಾತು ಪಂಡಿತನ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಭಯವೂ ಬಂತು. ಊರು ಏನೆಂದೀತು, ಇನ್ನು ಯಾರು ತನ್ನ ಮದ್ದು ಮುಟ್ಟಿಯಾರು ಎಂದು ಯೋಚಿಸಿದ. ಯೋಚಿಸಿದವನು ಸುಲಭದ ದಾರಿ ಹಿಡಿದ.

“ಅಯ್ಯೋ ಅನ್ನೋದು ಮಾತಲ್ಲ ತಾಯಿ. ನಿಯಮ ಕೆಡಲಿಲ್ಲ. ಮಗುವಿನ ಋಣ ಅಷ್ಟೇ ಇತ್ತು” ಎಂದ.

ಅವಳು ತಲೆಯಾಡಿಸಿ ಎದ್ದು ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಪಂಡಿತನ ಹೆಂಡತಿ ಅಂದು ಅವನಿಗೆ ಬಡಿಸಿ ಎದುರು ಕೂರದೆ ಒಳಗೆ ಹೋದಳು.

ಪಾಪ, ಮಗು ಕಳೆದುಕೊಂಡ ಆ ತಾಯಿ ಅತ್ತೆಯ ಮುಂದೆಯೂ ಅದನ್ನೇ ಹೇಳಿಕೊಂಡು ಅತ್ತಿದ್ದಳು. ಅತ್ತೆ ನೆರೆಯವರಿಗೆ ಹೇಳಿದಳು. ಬುಟ್ಟಿಯವಳು ನಿಯಮ ಮುರಿದು ಮಗು ಕಳೆದುಕೊಂಡಳು ಎಂಬ ಮಾತು ಮನೆಮನೆಗೆ ಹೋಯಿತು. ಗಂಡ ಬೈಯಲಿಲ್ಲ, ಆದರೆ ಮಾತು ಬಿಟ್ಟ. ಕೆರೆಯಲ್ಲಿ ನೀರು ತುಂಬುವ ಹೆಂಗಸರು ಅವಳು ಬಂದರೆ ಸರಿದು ನಿಂತರು. ಕಷಾಯ ಕಾಯಿಸುವ ಮನೆಗೆ ಅವಳನ್ನು ಯಾರೂ ಕರೆಯಲಿಲ್ಲ.

ಒಂದು ಬೆಳಿಗ್ಗೆ ಪಂಡಿತ ಏರಿಯ ಮೇಲೆ ನಾಲ್ಕೈದು ಹೆಂಗಸರನ್ನು ಕಂಡ. ಎಲ್ಲರ ಕೆನ್ನೆಯೂ ಉಬ್ಬಿತ್ತು. ಇದೇನೆಂದು ಕೇಳಿದರೆ ಯಾರೂ ಉತ್ತರ ಕೊಡಲಿಲ್ಲ. ಅವನು ಒಬ್ಬಳ ಮನೆಯ ತನಕ ಹಿಂದೆ ಹೋದ. ಅವಳು ಪಾತ್ರೆಯನ್ನು ಒಲೆಗಿಟ್ಟು, ಬಾಯಲ್ಲಿದ್ದ ನೀರನ್ನು ಉಗಿದು, ಆಮೇಲೆ ಹೇಳಿದಳು. “ಬಾಯ್ತುಂಬ ನೀರಿದ್ರೆ ಎಡವಿದ್ರೂ ‘ಅಯ್ಯೋ’ ಅನ್ನೋಕಾಗಲ್ಲ ನೋಡಿ. ಬುಟ್ಟಿಯವಳಿಗೆ ಆದಂಗೆ ನಮಗಾಗಬಾರದು.”

ಪಂಡಿತ ಮನೆಗೆ ಬಂದು ಅತ್ತ. ತಾನು ಹೇಳಿದ ಸುಳ್ಳಿಗೆ ಊರು ಇನ್ನೊಂದು ಸುಳ್ಳು ಹೆಣೆದಿತ್ತು. ಅಷ್ಟೂ ಭಾರ ಆ ಒಬ್ಬಳ ತಲೆಯ ಮೇಲೆ ಬಿದ್ದಿತ್ತು. ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಡಂಗುರ ಸಾರಿಸಿ ಊರನ್ನೆಲ್ಲ ಸೀಬೆ ಮರದ ಕೆಳಗೆ ಕರೆದ. ಬುಟ್ಟಿ ಹೆಣೆಯುವವನ ಹೆಂಡತಿಯೂ ಬಂದು ಹಿಂದೆ ದೂರದಲ್ಲಿ ನಿಂತಳು.

ಪಂಡಿತ ಏನನ್ನೂ ಮುಚ್ಚಿಡಲಿಲ್ಲ. ಮಾತಾಡಬಾರದು ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲ, ಸಿಟ್ಟಿನಲ್ಲಿ ನನ್ನ ಬಾಯಿಗೆ ಬಂದದ್ದು, ನಿಮ್ಮನ್ನು ದಾರಿಗೆ ತರಲು ಅದನ್ನು ಹಾಗೇ ಬಿಟ್ಟೆ ಎಂದ. ಈ ತಾಯಿ ಯಾವ ತಪ್ಪನ್ನೂ ಮಾಡಿಲ್ಲ, ತಪ್ಪು ಮಾಡಿದವನು ನಾನು ಎಂದು ನೆಲ ಮುಟ್ಟಿ ಹೇಳಿದ. ಎಲೆಯ ಗುಣ ಎಲೆಯಲ್ಲೇ ಇದೆ ನೋಡಿ ಎಂದು ಮಾತಾಡುತ್ತಲೇ ಎರಡು ಚಿಗುರು ಕಿತ್ತು ಅಗಿದು ನುಂಗಿದ.

ಜನ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡರು. ಆಮೇಲೆ ಊರಿನ ಹಿರಿಯನೊಬ್ಬ ಕಣ್ಣೊರೆಸಿಕೊಂಡ.

“ನೋಡ್ರಪ್ಪಾ, ಒಂದು ಹೆಣ್ಣುಮಗಳ ಮೇಲಿನ ಅಪವಾದ ತಪ್ಪಿಸೋಕೆ ತಮ್ಮ ವಿದ್ಯೇನೇ ಸುಳ್ಳು ಅಂತಾವ್ರೆ. ಇಂಥಾ ದೊಡ್ಡ ಮನಸ್ಸು ಯಾರಿಗೈತೆ?”

ಎಲ್ಲರೂ ಹೌದು ಹೌದು ಎಂದರು. ಪಂಡಿತ ಗಂಟಲು ಹರಿಯುವಂತೆ ಅಲ್ಲವೆಂದ. ಅಲ್ಲವೆಂದಷ್ಟೂ ಅವರ ಭಕ್ತಿ ಹೆಚ್ಚಿತು. ಎಲೆ ತಿಂದದ್ದನ್ನು ಮತ್ತೆ ತೋರಿಸಿದರೆ, “ನಿಮ್ಮ ಕೈಗುಣ ಬೇರೆ ಪಂಡಿತ್ರೇ, ನಮ್ಮಂಥೋರಿಗೆ ನಿಯಮ ಬೇಕು” ಎಂದ ಒಬ್ಬ ರೈತ. ಸೀಬೆ ಎಲೆಯನ್ನು ಆಡಿನ ಮೇವೆಂದವನು ಅವನೇ. ಒಬ್ಬೊಬ್ಬರಾಗಿ ಬಂದು ಪಂಡಿತನ ಪಾದ ಮುಟ್ಟಿ ಹೊರಟರು. ಮರುದಿನ ಬೆಳಿಗ್ಗೆಯೂ ಹೆಂಗಸರು ಬಾಯ್ತುಂಬ ನೀರು ಹಿಡಿದು ಎಲೆಗೆ ಬರುವವರೇ ಎಂದು ಅವನಿಗೆ ತಿಳಿದುಹೋಯಿತು.

ಅಷ್ಟು ಜನರಲ್ಲಿ ಅವನ ಮಾತನ್ನು ನಂಬಿದವಳು ಒಬ್ಬಳೇ. ಎಲ್ಲರೂ ಹೋದ ಮೇಲೆ ಅವಳು ಹತ್ತಿರ ಬಂದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪಂಡಿತ ಹೇಗಾದರೂ ತಡೆದುಕೊಳ್ಳುತ್ತಿದ್ದ.

“ಹಂಗಾದ್ರೆ ಅವತ್ತು ಏರಿ ಮೇಲೆ ನಿಮ್ಮನ್ನ ನಾನು ಮಾತಾಡಿಸಬಹುದಿತ್ತಾ?” ಎಂದು ಕೇಳಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಎಲೆ ಮಗುಚುವುದನ್ನೂ ನಿಲ್ಲಿಸಿದರು. ಚನ್ನವೀರ ಕಾದ.

“ಪಂಡಿತ ಏನು ಹೇಳಿದ ಗುರುಗಳೇ?” ಎಂದು ಕೊನೆಗೆ ಅವನೇ ಕೇಳಿದ.

“ಪಂಡಿತನದು ಬಿಡು, ನಾಳೆ ಅವಳು ನಿನ್ನ ಮುಂದೆ ಬಂದು ನಿಂತು ಕೇಳಿದರೆ ನೀನು ಏನು ಹೇಳುತ್ತೀಯ?”